ಪುಟ್ಟಿ, ವಿಡಿಯೊ ನೋಡಿ ಹೊರಡಬೇಡ

ಪ್ರೀತಿಯ ಪುಟ್ಟಿಗೆ, ಉಡುಪಿಯಿಂದ ದೊಡ್ಡಮ್ಮನ ಆಶೀರ್ವಾದ.

ನಿನ್ನ ಮೆಸೇಜ್ ನೋಡಿದೆ. ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ, ರೋಬೋಟ್‌ಗಳು ಕೆಲಸ ಮಾಡುವ ವಿಡಿಯೊ ನೋಡಿ ಆಸೆಯಾಗಿ, ಮನೆಗೆಲಸದ ರೋಬೋಟ್ ಮೇಲೆ ಪಿಎಚ್‌ಡಿ ಮಾಡುತ್ತೀಯಂತೆ. ನಿನ್ನ ಅಪ್ಪ ನಿನ್ನೆಯೇ ಫೋನ್ ಮಾಡಿದ್ದ. "ಸಿಕ್ಕಿದ ಕೆಲಸ ಬಿಡುತ್ತಾಳಂತೆ, ನೀವಾದರೂ ಸ್ವಲ್ಪ ಬುದ್ಧಿ ಹೇಳಿ ಅತ್ತಿಗೆ" ಅಂದ. ಕೆಲಸಕ್ಕೆ ಸೇರು ಅಂತ ನಾನು ಹೇಳುವುದಿಲ್ಲ ಮಾರಾಯ್ತಿ, ಹೆದರಬೇಡ.

ನಿನ್ನ ಅಣ್ಣ ತಂದುಕೊಟ್ಟ ಗುಡಿಸುವ ರೋಬೋಟ್ ನೆನಪುಂಟಲ್ಲ? ಬೇಸಿಗೆಯಲ್ಲಿ ಚಾವಡಿಯ ಕೆಂಪು ನೆಲದ ಮೇಲೆ ಚೆಂದ ಓಡಾಡಿತು. ಜೂನ್ ಬಂತು ನೋಡು. ಮಳೆಗೆ ಬಟ್ಟೆ ಒಣಗುವುದಿಲ್ಲ ಅಂತ ಒಳಗೇ ಹಗ್ಗ ಕಟ್ಟಿದೆವು, ನನ್ನ ಸೀರೆಯ ತುದಿ ನೆಲಕ್ಕೆ ತಾಗುತ್ತಿತ್ತು, ಇದು ಹೋಗಿ ಅದನ್ನು ಚಕ್ರಕ್ಕೆ ಸುತ್ತಿಕೊಂಡು ಹೊಸ್ತಿಲ ಹತ್ತಿರ ನಿಂತು ಕೂಗಿದ್ದೇ ಕೂಗಿದ್ದು. ಇಂಥದ್ದೇ ಗುಡಿಸುವ ರೋಬೋಟ್ ರೂಂಬಾ ಮಾರುಕಟ್ಟೆಗೆ ಬಂದದ್ದು 2002ರಲ್ಲಿ. ಇಷ್ಟು ವರ್ಷ ಆದ ಮೇಲೆ ನಮ್ಮನೆಯದ್ದು ಸೋತದ್ದು ಒಂದು ಒದ್ದೆ ಸೀರೆಗೆ.

ಇದನ್ನು ಹಾಸ್ಯಕ್ಕೆ ಹೇಳಿದ್ದಲ್ಲ. ನಿನ್ನ ವಿಷಯ ಇರುವುದೇ ಅಲ್ಲಿ. 1997ರಲ್ಲಿ ಡೀಪ್ ಬ್ಲೂ ಅನ್ನುವ ಕಂಪ್ಯೂಟರ್ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಿತು ಸರಿ, ಆದರೆ ಅದರ ಕಾಯಿಗಳನ್ನು ನಡೆಸಿದ್ದು ಅದರ ಪರವಾಗಿ ಕೂತ ಒಬ್ಬ ಮನುಷ್ಯ! ನಮಗೆ ಕಷ್ಟ ಅನಿಸುವ ಲೆಕ್ಕ ಯಂತ್ರಕ್ಕೆ ಸುಲಭ, ಒಂದು ವರ್ಷದ ಮಗು ಮಾಡುವ ಕೆಲಸ ಅದಕ್ಕೆ ಕಷ್ಟ ಅಂತ ರೋಬೋಟ್ ವಿಜ್ಞಾನಿ ಹಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು.

ನಿನ್ನ ಅಜ್ಜಿ ನೀರ್‌ದೋಸೆ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದ್ದೀಯಾ? ಕಾವಲಿಗೆ ಹಿಟ್ಟು ಬಿದ್ದ ಸದ್ದಿನಲ್ಲೇ ಬಿಸಿ ಎಷ್ಟು ಅಂತ ಅವರಿಗೆ ಗೊತ್ತು. ಮುಚ್ಚಳ ತೆಗೆದರೆ ಅಂಚು ಒಂದಿಷ್ಟು ಎದ್ದಿರುತ್ತದೆ, ಅಲ್ಲಿಗೇ ಸಟ್ಟುಗ ಹಾಕಿ, ಎರಡು ಮಡಿಕೆ ಮಾಡಿ, ತಟ್ಟೆಗೆ. ಹರಿಯುವುದಿಲ್ಲ. 2010ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದವರ ರೋಬೋಟ್ ಟವೆಲ್ ಮಡಚಿದಾಗ ಒಂದೊಂದಕ್ಕೆ ಸುಮಾರು 25 ನಿಮಿಷ ಹಿಡಿದಿತ್ತು. ಅದೂ ಒಣ ಟವೆಲ್. ಈಗ ಬೇಗ ಮಡಚುತ್ತವೆ, ಒಪ್ಪುತ್ತೇನೆ. ಆದರೆ ಮೆತ್ತಗಿನ, ಒದ್ದೆಯ, ಜಾರುವ ವಸ್ತು ಇವತ್ತಿಗೂ ಅವಕ್ಕೆ ತಲೆನೋವೇ. ಮಾತಾಡುವ ಎಐಗೆ ಕಲಿಯಲು ಇಂಟರ್ನೆಟ್ ತುಂಬಾ ಬರಹ ಸಿಕ್ಕಿತು. ಅಜ್ಜಿಯ ಬೆರಳು ಎಷ್ಟು ಒತ್ತಿತು ಅಂತ ಯಾರು ಬರೆದಿಟ್ಟಿದ್ದಾರೆ ಹೇಳು? ಅದಕ್ಕೇ ಯಾರಾದರೂ ಕೂತು ರೋಬೋಟಿನ ಕೈ ಆಡಿಸಿ ಮತ್ತೆ ಮತ್ತೆ ತೋರಿಸಿಕೊಡಬೇಕು.

ಹಾಗಾಗಿ ವಿಡಿಯೊ ನೋಡುವಾಗ ಎರಡು ಪ್ರಶ್ನೆ ಕೇಳಿಕೋ. ಎಷ್ಟು ಪಟ್ಟು ವೇಗದಲ್ಲಿ ಓಡಿಸಿದ್ದಾರೆ, ಮತ್ತು ಹಿಂದೆ ಮನುಷ್ಯ ಇದ್ದಾನಾ? 2024ರಲ್ಲಿ ಸ್ಟ್ಯಾನ್‌ಫರ್ಡಿನ ಮೊಬೈಲ್ ಅಲೋಹಾ ಅನ್ನುವ ರೋಬೋಟ್ ಎಟ್ಟಿ (ಸೀಗಡಿ) ಹುರಿದದ್ದನ್ನು ನೀನೇ ನನಗೆ ಕಳಿಸಿದ್ದೆ. ಆ ರೋಬೋಟ್ ತಾನಾಗಿ ಮಾಡಿದ ಕೆಲಸವೂ ಉಂಟು, ಮನುಷ್ಯ ಹಿಂದೆ ನಿಂತು ಮಾಡಿಸಿದ್ದೂ ಉಂಟು. ಅವರು ಅದನ್ನು ಮುಚ್ಚಿಡಲಿಲ್ಲ, ನೋಡಿದವರೇ ಬೇರೆ ಮಾಡಿ ನೋಡಲಿಲ್ಲ.

ಇನ್ನು ಗೈಡ್ ವಿಷಯ. ಇದು ನಾನು ಪೆಟ್ಟು ತಿಂದು ಕಲಿತದ್ದು. ನಾನು ಫಿಸಿಕ್ಸ್‌ನಲ್ಲಿ ಸೇರಿದಾಗ ಹೆಸರು ನೋಡಿ ಸೇರಿದೆ. ಆ ದೊಡ್ಡ ಮನುಷ್ಯರು ಮೂರು ತಿಂಗಳಿಗೊಮ್ಮೆ ಸಿಗುತ್ತಿದ್ದರು, ಸಿಕ್ಕಾಗ ಸರಿಯಾಗದ ಪ್ರಯೋಗದ ಸುದ್ದಿ ಎತ್ತಿದರೆ ಮುಖ ಸಿಂಡರಿಸುತ್ತಿದ್ದರು. ನಾನೂ ಹೇಳುವುದು ಬಿಟ್ಟೆ, ಬರೆದಿಡುವುದನ್ನೂ ಬಿಟ್ಟೆ, ಆಮೇಲೆ ಅದೇ ತಪ್ಪನ್ನು ಎರಡನೇ ಸಲ ಮಾಡಿ ಒಂದು ವರ್ಷ ಕಳೆದೆ. ಹಾಗಾಗಿ ಬೆಂಗಳೂರಿನ ಐಐಎಸ್‌ಸಿ ಆಗಲಿ, ಹೈದರಾಬಾದಿನ ಐಐಐಟಿ ಆಗಲಿ, ಮೊದಲು ಅಲ್ಲಿನ ನಾಲ್ಕನೇ ವರ್ಷದ ಹುಡುಗ ಹುಡುಗಿಯರನ್ನು ಕ್ಯಾಂಟೀನಿಗೆ ಕರೆದು ಚಾ ಕುಡಿಸು. ಲ್ಯಾಬಿನಲ್ಲಿ ರೋಬೋಟ್ ಎಷ್ಟು, ಮುಟ್ಟಲಿಕ್ಕೆ ಸರದಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಅದರ ಕೈ ಮುರಿದರೆ ರಿಪೇರಿಗೆ ಎಷ್ಟು ತಿಂಗಳು, ಎಲ್ಲ ಕೇಳು. ಕಂಪ್ಯೂಟರಿನ ಸಿಮ್ಯುಲೇಶನ್‌ನಲ್ಲೇ ಐದು ವರ್ಷ ಕಳೆಯುವುದಾದರೆ ಬೇಡ. ಅದರೊಳಗೆ ಮಳೆಗಾಲ ಇರುವುದಿಲ್ಲ.

ದುಡ್ಡಿನ ವಿಷಯ ನಿನ್ನ ಅಪ್ಪನಿಗೆ ನಾನು ಹೇಳುತ್ತೇನೆ. ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಸಿಗುವ ಫೆಲೋಶಿಪ್, ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಹಾಸ್ಟೆಲಿನಲ್ಲಿ ಇದ್ದರೆ ಸಾಕು. ಕಂಪನಿಗೆ ಹೋದ ಗೆಳತಿಯರು ಕಾರು ತೆಗೆದುಕೊಳ್ಳುವಾಗ ಹೊಟ್ಟೆ ಉರಿಯುತ್ತದೆ, ಅದಕ್ಕೆ ಮದ್ದಿಲ್ಲ.

ಬರುವ ಶನಿವಾರ ಬಸ್ಸು ಹತ್ತಿ ಬಾ. ಬರುವಾಗ ಸಣ್ಣ ಸ್ಕ್ರೂಡ್ರೈವರ್ ತಾ. ಆ ರೋಬೋಟಿನ ಚಕ್ರಕ್ಕೆ ಈಗ ತೆಂಗಿನ ನಾರು ಸಿಕ್ಕಿಕೊಂಡಿದೆ, ನನ್ನ ಕಣ್ಣಿಗೆ ಕಾಣುವುದಿಲ್ಲ.

ನಿನ್ನ,
ದೊಡ್ಡಮ್ಮ