ಅಪರಾಧದ ಬೆಲೆ ಯಾರ ತಲೆಗೆ?

ಕೊಪ್ಪ, ಚಿಕ್ಕಮಗಳೂರು ಜಿಲ್ಲೆ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಅನ್ಯಾಯವನ್ನು ಎದುರಿಸುವುದಕ್ಕಾಗಿ ಅಪರಾಧ ಮಾಡಿದರೆ ಅದನ್ನು ತಪ್ಪು ಎನ್ನಬಹುದೇ ಎಂದು ನೀನು ಫೋನಿನಲ್ಲಿ ಕೇಳಿದೆ. ಬರೆದು ತಿಳಿಸುತ್ತೇನೆ ಎಂದು ನಾನು ಹೇಳಿದೆ. ನಿನ್ನ ಸ್ವಭಾವ ನನಗೆ ಗೊತ್ತು. ನಾನು ಹೌದು ಎಂದರೂ ಇಲ್ಲ ಎಂದರೂ ಆ ಒಂದು ಮಾತನ್ನು ಹಿಡಿದುಕೊಂಡು ನಾಳೆಯೇ ಏನನ್ನಾದರೂ ಮಾಡಲು ಹೊರಡುತ್ತೀಯ. ನಿಮ್ಮ ಹಾಸ್ಟೆಲಿನಲ್ಲಿ ಊಟದ ಹಣ ತಿನ್ನುತ್ತಿರುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಹೇಳಬೇಕಾದದ್ದು ಬಹಳ ಇದೆ.

ಕಾನೂನು ಮುರಿದವರೆಲ್ಲ ಕೆಟ್ಟವರು ಎಂದು ನಂಬಿಕೊಂಡು ಮಲೆನಾಡಿನಲ್ಲಿ ವಕೀಲಿಕೆ ಮಾಡಲು ಸಾಧ್ಯವಿಲ್ಲ. ನನ್ನ ಮೇಜಿನ ಮೇಲಿರುವ ಕಡತಗಳಲ್ಲಿ ಹೆಚ್ಚಿನವು ಒತ್ತುವರಿಯವು. ಒಂದೂವರೆ ಎಕರೆ ಗೋಮಾಳದಲ್ಲಿ ಅಡಿಕೆ ಸಸಿ ಇಟ್ಟವರು, ಸೊಪ್ಪಿನಬೆಟ್ಟದ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡವರು. ಕಾನೂನಿನ ಕಣ್ಣಿಗೆ ಅವರೆಲ್ಲ ಅಕ್ರಮ ಸಾಗುವಳಿದಾರರು. ಆದರೆ ಆ ಸಾಗುವಳಿಯನ್ನು ಸಕ್ರಮ ಮಾಡಲು ಸರ್ಕಾರವೇ ಫಾರಂ 50 ಎಂದಿತು, ಆಮೇಲೆ 53 ಎಂದಿತು, ಆಮೇಲೆ 57 ಎಂದು ಅರ್ಜಿ ಕರೆಯಿತು. ಆ ಅರ್ಜಿಗಳನ್ನು ನೋಡುವ ಬಗರ್ ಹುಕುಂ ಸಮಿತಿ ಕೂತು ಕೆಲವರದ್ದನ್ನು ಸಕ್ರಮ ಮಾಡಿತು, ಕೆಲವರದ್ದನ್ನು ಅರಣ್ಯ ಎಂದು ತಳ್ಳಿಹಾಕಿತು. ಹೀಗೆ ನಿನ್ನೆಯ ಅಪರಾಧ ಇವತ್ತು ಪಹಣಿಯಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಅಪರಾಧ ಎಂದು ಯಾರಾದರೂ ಬರೆದಿಟ್ಟ ಮಾತ್ರಕ್ಕೆ ಅದು ಪಾಪವಾಗುವುದಿಲ್ಲ.

ಅದೇ ಜಮೀನಿನ ಇನ್ನೊಂದು ಮುಖವನ್ನೂ ನೋಡು. ಸರ್ಕಾರಿ ಭೂಮಿಯಲ್ಲಿ ಕಾಫಿ ತೋಟ ಮಾಡಿಕೊಂಡವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡಲು 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಆಯಿತು. ಒಂದೂವರೆ ಎಕರೆಯವನು ತಹಶೀಲ್ದಾರರ ಕಚೇರಿಯ ಜಗಲಿಯಲ್ಲಿ ಕಾಯುತ್ತಾನೆ, ದೊಡ್ಡವನ ಒತ್ತುವರಿಗೆ ಕಾಯ್ದೆಯೇ ಎದ್ದು ಬರುತ್ತದೆ. ಮತ್ತು ಇಬ್ಬರೂ ಬಳಸುವ ಮಾತು ಒಂದೇ: ‘ನಮಗೆ ಅನ್ಯಾಯವಾಗಿದೆ.’ ಆದ್ದರಿಂದ ಅನ್ಯಾಯವಾಗಿದೆ ಎಂಬ ಕೂಗನ್ನು ಮಾತ್ರ ಕೇಳಿ ನಾನು ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ಆ ಕೂಗು ಎಲ್ಲರ ಬಾಯಲ್ಲೂ ಇರುತ್ತದೆ, ನಿಜವಾದ ಸಂಕಟವಿರುವವರ ಬಾಯಲ್ಲಿ ಕೆಲವೊಮ್ಮೆ ಇರುವುದೇ ಇಲ್ಲ.

ಕಾಡಿನಿಂದ ಒಂದು ಹೊರೆ ಸೌದೆ ತಂದ ಹೆಂಗಸಿನ ಮೇಲೆ ಮೊಕದ್ದಮೆ ಹಾಕಿದರೆ ಅವಳ ಪರವಾಗಿ ನಿಲ್ಲಲು ನನಗೆ ಯಾವ ತತ್ವವೂ ಬೇಕಿಲ್ಲ. ಅದು ಹಸಿವು. ಅದಕ್ಕೆ ಪ್ರತಿರೋಧದ ಪಟ್ಟ ಕಟ್ಟುವ ಅಗತ್ಯವೂ ಇಲ್ಲ. ನೀನು ಕೇಳುತ್ತಿರುವುದು ಬೇರೆ: ಆರಿಸಿಕೊಂಡು, ಯೋಚಿಸಿ, ಒಂದು ಅನ್ಯಾಯವನ್ನು ಬೀಳಿಸಲೆಂದೇ ಕಾನೂನು ಮುರಿಯುವವರ ಬಗ್ಗೆ.

ಅಂಥವರಲ್ಲಿ ನಾನು ತಲೆಬಾಗುವವರು ಕಾಗೋಡಿನ ಗೇಣಿದಾರರು. 1951ರಲ್ಲಿ ಸಾಗರದ ಹತ್ತಿರದ ಆ ಊರಿನಲ್ಲಿ ಗೇಣಿ ಅಳೆಯುವ ಕೊಳಗದಲ್ಲೇ ಮೋಸವಿತ್ತು. ಪ್ರಶ್ನಿಸಿದವರನ್ನು ಜಮೀನಿನಿಂದ ಹೊರಹಾಕಿದಾಗ ಅವರು ತಂಡತಂಡವಾಗಿ ಅದೇ ಗದ್ದೆಗೆ ನೇಗಿಲು ಹೂಡಲು ಇಳಿದರು. ಇಳಿದವರನ್ನು ಪೊಲೀಸರು ಹಿಡಿದು ಒಯ್ದರು, ಮಾರನೆಯ ತಂಡ ಇಳಿಯಿತು. ಅತಿಕ್ರಮ ಪ್ರವೇಶ ಎಂಬ ಅಪರಾಧ ಅದು, ಹಗಲಿನಲ್ಲಿ, ಎಲ್ಲರ ಎದುರು. ಒಡೆಯರ ಮನೆಗೆ ಕಲ್ಲು ಬೀಳಲಿಲ್ಲ, ಜೈಲಿಗೆ ಹೋದವರು ಗದ್ದೆಗೆ ಇಳಿದವರೇ. 1974ರಲ್ಲಿ ಉಳುವವನೇ ಹೊಲದೊಡೆಯ ಎಂದು ಕಾನೂನು ಬದಲಾಗುವ ಹೊತ್ತಿಗೆ ಅವರಲ್ಲಿ ಎಷ್ಟೋ ಜನ ಮುದುಕರಾಗಿದ್ದಿರಬೇಕು.

ಇನ್ನೊಂದು ಉದಾಹರಣೆಯ ಬಗ್ಗೆ ನಿಧಾನವಾಗಿ ಯೋಚಿಸು. ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆ ಎಂದರೆ ಎಲ್ಲರೂ 1927ರ ಮಾರ್ಚ್ 20ನ್ನು ನೆನೆಯುತ್ತಾರೆ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ನೀರು ಕುಡಿದ ದಿನ ಅದು. ಅಂದು ಅವರು ಕಾನೂನು ಮುರಿಯಲೇ ಇಲ್ಲ. ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ಪುರಸಭೆ ಮೊದಲೇ ನಿರ್ಣಯ ಮಾಡಿತ್ತು. ಮುರಿದದ್ದು ಜಾತಿಯ ಕಟ್ಟಳೆಯನ್ನು. ಅದಕ್ಕಾಗಿ ಏಟು ತಿಂದರು, ಕೆರೆಯನ್ನು ‘ಶುದ್ಧಿ’ ಮಾಡಲಾಯಿತು. ಡಿಸೆಂಬರಿನಲ್ಲಿ ಮತ್ತೆ ಜನ ಸೇರಿದರು, ಈ ಸಲ ಏನೇ ಆದರೂ ನೀರು ಮುಟ್ಟುತ್ತೇವೆ ಎಂದು. ಅಷ್ಟರಲ್ಲಿ ಎದುರು ಪಕ್ಷದವರು ನ್ಯಾಯಾಲಯದಿಂದ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಆ ಕೋಪದ ಗುಂಪಿನ ನಡುವೆ ನಿಂತು ಅಂಬೇಡ್ಕರ್ ತಡೆಯಾಜ್ಞೆಯನ್ನು ಮುರಿಯುವುದು ಬೇಡ ಎಂದು ಒಪ್ಪಿಸಿದರು. ನೀರು ಮುಟ್ಟದೆ ಮೆರವಣಿಗೆ ನಡೆಯಿತು. ಡಿಸೆಂಬರ್ 25ರಂದು ಸುಟ್ಟದ್ದು ಮನುಸ್ಮೃತಿಯನ್ನು. ಮೊಕದ್ದಮೆ ಮುಂಬೈ ಹೈಕೋರ್ಟಿನಲ್ಲಿ ಅವರ ಪರವಾಗಿ ಮುಗಿಯಲು 1937 ಬರಬೇಕಾಯಿತು. ಹತ್ತು ವರ್ಷ, ಕುಡಿಯುವ ನೀರಿಗೆ! ಇದನ್ನು ಹೇಡಿತನ ಎನ್ನುವ ಧೈರ್ಯ ಯಾರಿಗಿದೆ?

ಅದೇ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ, ಸಂವಿಧಾನದ ದಾರಿ ತೆರೆದ ಮೇಲೆ ಕಾನೂನುಭಂಗವನ್ನೂ ಸತ್ಯಾಗ್ರಹವನ್ನೂ ಬಿಡಬೇಕು ಎಂದರು. ಆ ಮಾತನ್ನು ಅಧಿಕಾರದಲ್ಲಿರುವವರು ಖುಷಿಯಿಂದ ಉದ್ಧರಿಸುತ್ತಾರೆ. ಅದೇ ಭಾಷಣದಲ್ಲಿ, ಸಾಮಾಜಿಕ ಮತ್ತು ಆರ್ಥಿಕ ಅಸಮಾನತೆಯನ್ನು ಬೇಗ ಹೋಗಲಾಡಿಸದಿದ್ದರೆ ಅದನ್ನು ಅನುಭವಿಸುವವರೇ ಈ ಸಭೆ ಕಟ್ಟಿದ ಪ್ರಜಾಪ್ರಭುತ್ವವನ್ನು ಸಿಡಿಸಿಬಿಡುತ್ತಾರೆ ಎಂದು ಹೇಳಿದ್ದನ್ನು ಬಿಟ್ಟುಬಿಡುತ್ತಾರೆ. ನೀನು ಎರಡನ್ನೂ ಒಟ್ಟಿಗೆ ಓದು. ನಮ್ಮ ಪಕ್ಕದ ಹಾಸನ ಜಿಲ್ಲೆಯ ಸಿಗರನಹಳ್ಳಿಯಲ್ಲಿ 2015ರಲ್ಲಿ ದೇವಸ್ಥಾನದೊಳಗೆ ಹೋದ ದಲಿತ ಹೆಂಗಸರಿಗೆ ಊರಿನವರು ದಂಡ ಹಾಕಿದರು. ಸಂವಿಧಾನ ಬಂದು 65 ವರ್ಷಗಳಾದ ಮೇಲೆ, ಹಕ್ಕು ಚಲಾಯಿಸಿದವರನ್ನೇ ಅಪರಾಧಿ ಎಂದು ಕರೆಯುವ ಊರು ಅದು. ದಾರಿ ತೆರೆದಿದೆ ಎಂದು ಕಾಗದದಲ್ಲಿ ಬರೆದರೆ ಸಾಲದು.

ಈಸೂರಿನ ಬಗ್ಗೆ ನೀನು ಕೇಳಿಯೇ ಕೇಳುತ್ತೀಯ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ ತಾನು ಸ್ವತಂತ್ರ ಎಂದು ಸಾರಿತು. ಬಂದ ತಾಲ್ಲೂಕು ಅಧಿಕಾರಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಜನರ ಕೈಯಲ್ಲಿ ಸತ್ತರು. 1943ರ ಮಾರ್ಚಿನಲ್ಲಿ ಐದು ಜನರನ್ನು ಗಲ್ಲಿಗೇರಿಸಲಾಯಿತು. ಅವರನ್ನು ಕೊಲೆಗಾರರು ಎಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ. ಆದರೆ ಸತ್ತ ಇಬ್ಬರೂ ನಮ್ಮವರೇ ಆಗಿದ್ದರು, ಅವರಿಗೂ ಮನೆಯಿತ್ತು. ಹುತಾತ್ಮರ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ, ಆ ಎರಡು ಸಾವುಗಳನ್ನು ಹಬ್ಬ ಮಾಡಲಾರೆ. ಇದಕ್ಕಿಂತ ಅಚ್ಚುಕಟ್ಟಾದ ಉತ್ತರ ನನ್ನಲ್ಲಿಲ್ಲ, ಇದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ.

ನಮ್ಮ ಕಾಡಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನ ಮಾಡುವುದಾಗಿ 1987ರಲ್ಲಿ ಸರ್ಕಾರ ಹೇಳಿತು. ತಲೆತಲಾಂತರದಿಂದ ಅಲ್ಲಿದ್ದ ಮಲೆಕುಡಿಯರಿಗೆ, ಗೌಡಲು ಕುಟುಂಬಗಳಿಗೆ ಎತ್ತಂಗಡಿಯ ಭಯ ಹತ್ತಿತು. ಅದೇ ಕಾಡಿನ ನಡುವೆ ಕಬ್ಬಿಣದ ಅದಿರಿನ ಗಣಿ 2005ರ ಕೊನೆಯವರೆಗೂ ನಡೆಯಿತು. ಬೆಟ್ಟ ಅಗೆಯುವವರಿಗೆ ಪರವಾನಗಿ, ಜೇನು ಕೀಳುವವರಿಗೆ ನೋಟಿಸು. ಈ ಅನ್ಯಾಯ ನಿಜ, ಇದನ್ನು ಕಂಡು ಓದುಬಿಟ್ಟು ನಕ್ಸಲರಾಗಿ ಬಂದೂಕು ಹಿಡಿದ ಮಕ್ಕಳ ಸಿಟ್ಟೂ ನಿಜ. ಆದರೆ ಆ ಬಂದೂಕಿನ ಬೆಲೆ ತೆತ್ತವರು ಯಾರು? ರಾತ್ರಿ ಬಾಗಿಲು ತಟ್ಟಿ ಅಕ್ಕಿ ಕೇಳಿದವರಿಗೆ ಕೊಟ್ಟರೆ ಬೆಳಿಗ್ಗೆ ಪೊಲೀಸರು, ಕೊಡದಿದ್ದರೆ ರಾತ್ರಿಯ ಭಯ. ಮಾಹಿತಿದಾರ ಎಂಬ ಶಂಕೆಗೆ ಊರಿನವರೇ ಜೀವ ಕಳೆದುಕೊಂಡರು. 2005ರ ಫೆಬ್ರುವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಅವರನ್ನು ನಮ್ಮ ಜಿಲ್ಲೆಯ ಕಾಡಿನಲ್ಲಿ ಪೊಲೀಸರು ಕೊಂದರು, ಅದೇ ತಿಂಗಳು ಪಾವಗಡದ ಕಡೆ ಕೆಎಸ್‌ಆರ್‌ಪಿ ಎಂಬ ಮೀಸಲು ಪೊಲೀಸ್ ಪಡೆಯ ಬಿಡಾರದಲ್ಲಿ ನಕ್ಸಲರ ದಾಳಿಗೆ ಪೊಲೀಸರು ಸತ್ತರು. ಪೇದೆ ಕೆಲಸಕ್ಕೆ ಸೇರಿದ ಬಡವರ ಮಕ್ಕಳು ಅವರು. ಎನ್‌ಕೌಂಟರ್ ಹೆಸರಿನಲ್ಲಿ ಸರ್ಕಾರ ಮಾಡಿದ್ದನ್ನೂ ನಾನು ಕೊಲೆಯ ಮಾನದಂಡದಿಂದಲೇ ಅಳೆಯುತ್ತೇನೆ, ಅದರಲ್ಲಿ ರಿಯಾಯಿತಿ ಇಲ್ಲ.

ಬಂದೂಕು ಬಂದ ಮೇಲೆಯೇ ಸರ್ಕಾರ ಈ ಕಡೆ ತಿರುಗಿ ನೋಡಿತು, ರಸ್ತೆಗೆ ಹಣ ಬಂತು ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಯಾರ ಹೆಸರಿನಲ್ಲಿ ಯುದ್ಧ ಸಾರಿದರೋ ಅವರನ್ನು ಯಾರೂ ಕೇಳಿರಲಿಲ್ಲ. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಶರಣಾದರು, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು ನಮ್ಮ ಜಿಲ್ಲೆಯವರು. ಹರೆಯವನ್ನೆಲ್ಲ ಕಾಡಿನಲ್ಲಿ ಕಳೆದು ಬಂದವರು. ಅವರ ಚಿತ್ರ ನೋಡಿದಾಗ ನನಗೆ ಕಾಗೋಡಿನ ಗದ್ದೆಯೇ ನೆನಪಾಯಿತು. ತಾನೇ ಬೆಲೆ ತೆರಲು ಮುಂದೆ ಬಂದವನು ಕಾನೂನು ಮುರಿದರೆ ನಾನು ಅವನ ಪರವಾಗಿ ವಾದಿಸುತ್ತೇನೆ. ಬೆಲೆಯನ್ನು ಇನ್ನೊಬ್ಬರ ಹಟ್ಟಿಯ ಬಾಗಿಲಿಗೆ ಇಟ್ಟು ಹೋಗುವವನ ಉದ್ದೇಶ ಎಷ್ಟೇ ದೊಡ್ಡದಿರಲಿ, ಅವನ ಕೆಲಸವನ್ನು ನ್ಯಾಯ ಎನ್ನಲಾರೆ.

ಈಗ ನಿನ್ನ ಹಾಸ್ಟೆಲು. ಊಟದ ಹಣ ತಿನ್ನುತ್ತಿದ್ದಾರೆ, ನೀರು ಸಾರಿನಲ್ಲಿ ಬೇಳೆ ಹುಡುಕಬೇಕು, ಹಾಜರಾತಿಯಲ್ಲಿ ಇಲ್ಲದ ಹುಡುಗಿಯರ ಹೆಸರಿದೆ ಎಂದೆ. ನಂಬುತ್ತೇನೆ. ರಾತ್ರಿ ವಾರ್ಡನ್ ಕೋಣೆಯ ಬೀಗ ಒಡೆದು ವಹಿಗಳನ್ನು ತೆಗೆದುಕೊಳ್ಳಬೇಕೆಂದು ನೀವು ಐದಾರು ಹುಡುಗಿಯರು ಯೋಚಿಸಿದ್ದೀರಿ. ಬೀಗ ಒಡೆದ ಮಾರನೆಯ ದಿನ ಕೆಲಸ ಕಳೆದುಕೊಳ್ಳುವುದು ಯಾರು ಹೇಳು? ವಾರ್ಡನ್ ಅಲ್ಲ, ರಾತ್ರಿ ಪಾಳಿಯ ಕಾವಲುಗಾರ. ಗುತ್ತಿಗೆ ನೌಕರ ಅವನು, ಒಂದು ಮಾತಿನಲ್ಲಿ ಮನೆಗೆ ಕಳಿಸುತ್ತಾರೆ. ಕದ್ದು ತಂದ ವಹಿಯಲ್ಲಿ ನೀವೇ ತಿದ್ದಿದ್ದೀರಿ ಎಂದು ಹಣ ತಿಂದವರು ಹೇಳಿ ಪಾರಾಗುತ್ತಾರೆ.

ಸರ್ಕಾರಿ ಹಾಸ್ಟೆಲಿಗೆ ಮಾಹಿತಿ ಹಕ್ಕು ಅನ್ವಯಿಸುತ್ತದೆ. 2005ರ ಆ ಕಾಯ್ದೆಯಲ್ಲಿ ಪ್ರತಿ ಕೇಳುವುದಷ್ಟೇ ಅಲ್ಲ, ಕಡತವನ್ನು ಖುದ್ದಾಗಿ ಪರಿಶೀಲಿಸಿ ಟಿಪ್ಪಣಿ ಮಾಡಿಕೊಳ್ಳುವ ಹಕ್ಕೂ ಇದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ದಾಸ್ತಾನು ವಹಿ, ಹಾಜರಾತಿ ವಹಿ, ದಿನಸಿ ಬಿಲ್ಲುಗಳು, ಇಷ್ಟನ್ನು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂದು ಸ್ಪಷ್ಟವಾಗಿ ಬರೆ. ‘ಎಲ್ಲ ದಾಖಲೆ’ ಎಂದು ಬರೆದರೆ ಅದೇ ನೆಪ ಹೇಳಿ ತಿರಸ್ಕರಿಸುತ್ತಾರೆ. ಒಬ್ಬಳ ಹೆಸರಿನಲ್ಲಿ ಬೇಡ, ನಿಮ್ಮಲ್ಲಿ ಪ್ರತಿಯೊಬ್ಬಳೂ ಬೇರೆ ಬೇರೆ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ಕರಡನ್ನು ನೀನೇ ಬರೆದು ಕಳುಹಿಸು, ತಿದ್ದಿ ಕೊಡುತ್ತೇನೆ.

ಅದೂ ಮುಚ್ಚಿದ ಬಾಗಿಲಾದರೆ ಮಧ್ಯಾಹ್ನದ ಹೊತ್ತು ಖಾಲಿ ತಟ್ಟೆ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರಿ. ನಿಷೇಧಾಜ್ಞೆ ಇದ್ದರೂ ಕೂರಿ. ನಿಮ್ಮ ಹೆಸರುಗಳನ್ನು ನೀವೇ ಬರೆದುಕೊಡಿ. ಕಾವಲುಗಾರನನ್ನೂ ಅಡುಗೆಯವರನ್ನೂ ಇದರಲ್ಲಿ ಎಳೆಯಬೇಡಿ. ಬಂಧಿಸಿದರೆ ಹೆದರಬೇಡ, ಮೊದಲ ಬಸ್ಸಿಗೆ ಹೊರಟು ಬರುತ್ತೇನೆ, ಎಲ್ಲರ ವಕಾಲತ್ತಿಗೂ ನಾನೇ ಸಹಿ ಹಾಕುತ್ತೇನೆ.

ನಿನ್ನ ಅಮ್ಮ