ಬಂಧಗಳ ಪಾಠ ಆರಂಭಿಸುವ ಮುನ್ನ

ಚಿ. ಸೌ. ಸುಮಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಪ್ರಥಮ ಪಿಯುಸಿ ಮಕ್ಕಳಿಗೆ ರಾಸಾಯನಿಕ ಬಂಧಗಳ ಪಾಠವನ್ನು ಸದ್ಯದಲ್ಲೇ ಆರಂಭಿಸುವೆನೆಂದು ಬರೆದಿದ್ದೀಯೆ. ವಿದ್ಯುದೃಣತ್ವದ, ಅಂದರೆ ಬಂಧದ ಎಲೆಕ್ಟ್ರಾನ್‌ಗಳನ್ನು ಪರಮಾಣು ತನ್ನತ್ತ ಸೆಳೆಯುವ ಸಾಮರ್ಥ್ಯದ, ವ್ಯತ್ಯಾಸ 1.7ಕ್ಕಿಂತ ಹೆಚ್ಚಿದ್ದರೆ ಅಯಾನಿಕ (ಎಲೆಕ್ಟ್ರಾನ್ ಕೈಬದಲಾಗುವ ಬಂಧ), ಕಡಿಮೆಯಿದ್ದರೆ ಸಹವೇಲೆನ್ಸೀಯ (ಎಲೆಕ್ಟ್ರಾನ್ ಹಂಚಿಕೊಳ್ಳುವ ಬಂಧ) ಎಂಬ ಸೂತ್ರದಿಂದಲೇ ತೊಡಗುವ ಯೋಚನೆಯಿದ್ದರೆ ಅದನ್ನು ಕೈಬಿಡು ಎಂದು ಕೇಳಿಕೊಳ್ಳುತ್ತೇನೆ.

ಮೊದಲು ವಿದ್ಯುದೃಣತ್ವದ ಅಂಕಿಗಳು ಎಲ್ಲಿಂದ ಬಂದವೆಂಬುದನ್ನು ತೋರಿಸು. 1932ರಲ್ಲಿ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ಅವುಗಳನ್ನು ಬಂಧಶಕ್ತಿಗಳಿಂದ, ಅಂದರೆ ಬಂಧ ಮುರಿಯಲು ಬೇಕಾದ ಶಕ್ತಿಗಳಿಂದ, ಲೆಕ್ಕ ಹಾಕಿದರು. ಹೈಡ್ರೋಜನ್ ಅಣುವಿನ ಬಂಧಶಕ್ತಿ ಮೋಲ್‌ಗೆ 436 ಕಿಲೋಜೂಲ್, ಕ್ಲೋರಿನ್ನಿನದು 242; ಇವುಗಳ ಸರಾಸರಿ 339. ಆದರೆ ಹೈಡ್ರೋಜನ್ ಕ್ಲೋರೈಡ್‌ನ ಬಂಧಶಕ್ತಿ 431. ಹೆಚ್ಚಾಗಿ ಉಳಿದ 92 ಕಿಲೋಜೂಲನ್ನು ಎಲೆಕ್ಟ್ರಾನ್‌ವೋಲ್ಟ್‌ಗೆ ಬದಲಿಸಲು 96.5ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.98 ಬರುತ್ತದೆ, ಕೋಷ್ಟಕದಲ್ಲಿರುವ ವ್ಯತ್ಯಾಸ 0.96. ಈ ಲೆಕ್ಕವನ್ನು ಮಕ್ಕಳೇ ಮಾಡಲಿ, ಆಗ ಅಂಕಿಯ ಮೇಲಿನ ಅವರ ನಂಬಿಕೆಗೆ ಒಂದು ಕಾರಣವಿರುತ್ತದೆ.

ಬಳಿಕ ಸೂತ್ರ ಸೋಲುವ ಜಾಗಕ್ಕೆ ಕರೆದೊಯ್ಯಿ. ಸೋಡಿಯಂ ಬ್ರೋಮೈಡ್‌ನಲ್ಲಿ ವ್ಯತ್ಯಾಸ 2.03, ಸಿಲಿಕಾನ್ ಟೆಟ್ರಾಫ್ಲೋರೈಡ್‌ನಲ್ಲಿ 2.08. ಹಾಗಿದ್ದೂ ಮೊದಲನೆಯದು 747 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುವ ಲವಣ, ಎರಡನೆಯದು ಬಿಡಿ ಅಣುಗಳ ಅನಿಲ. ಸಿಲಿಕಾನ್–ಫ್ಲೋರಿನ್ ಬಂಧ ಬಹಳ ಧ್ರುವೀಯವೇ ಹೌದು, ಅಂದರೆ ಎಲೆಕ್ಟ್ರಾನ್‌ಗಳು ಒಂದು ಕಡೆಗೆ ಬಹಳ ಸರಿದಿರುತ್ತವೆ. ಆದರೆ ನಾಲ್ಕು ಫ್ಲೋರಿನ್‌ಗಳು ಚಿಕ್ಕ ಸಿಲಿಕಾನ್ ಪರಮಾಣುವನ್ನು ಸುತ್ತುವರಿದು ನಿಂತಿರುವುದರಿಂದ ಅಣು ತನ್ನಷ್ಟಕ್ಕೆ ಪೂರ್ಣವಾಗಿರುತ್ತದೆ. ಬಂಧದ ಧ್ರುವೀಯತೆ ಬೇರೆ, ವಸ್ತುವಿನ ರಚನೆ ಬೇರೆ ಎಂಬುದನ್ನು ಇಲ್ಲಿಯೇ ನಿಧಾನವಾಗಿ ಬಿಡಿಸಿ ಹೇಳು. ಈ ಒಂದು ತಿಳಿವಿಗೆ ಒಂದು ಇಡೀ ತರಗತಿ ವ್ಯಯವಾದರೂ ನಷ್ಟವಿಲ್ಲ.

ಮತ್ತೊಂದು ಪ್ರಶ್ನೆ ಕೇಳು: ಸೀಸಿಯಂ ಲೋಹದಲ್ಲಿ ವ್ಯತ್ಯಾಸ ಸೊನ್ನೆ, ಫ್ಲೋರಿನ್ ಅನಿಲದಲ್ಲಿಯೂ ಸೊನ್ನೆ, ಹಾಗಾದರೆ ಒಂದು ಲೋಹ, ಇನ್ನೊಂದು ಅನಿಲ ಏಕೆ? ಸೀಸಿಯಂನ ವಿದ್ಯುದೃಣತ್ವ 0.79, ಫ್ಲೋರಿನ್ನಿನದು 3.98. ವ್ಯತ್ಯಾಸದ ಜೊತೆಗೆ ಸರಾಸರಿಯನ್ನೂ ನೋಡಿದಾಗ ಮಾತ್ರ ಲೋಹೀಯ ಬಂಧಕ್ಕೆ ಚಿತ್ರದಲ್ಲಿ ಜಾಗ ಸಿಗುತ್ತದೆ. ವಾನ್ ಆರ್ಕೆಲ್ ಮತ್ತು ಕೆಟೆಲಾರ್ ಅವರ ಹೆಸರಿನ ತ್ರಿಕೋನ ಇದನ್ನೇ ತೋರಿಸುತ್ತದೆ. ಸರಾಸರಿಯನ್ನು ಅಡ್ಡಕ್ಕೆ, ವ್ಯತ್ಯಾಸವನ್ನು ಮೇಲಕ್ಕೆ ಗುರುತಿಸಿದರೆ ಸೀಸಿಯಂ ಮತ್ತು ಫ್ಲೋರಿನ್ ಅದರ ಎರಡು ತುದಿಗಳಲ್ಲಿದ್ದು, ಮೂರನೆಯ ತುದಿಯಲ್ಲಿ 3.19 ವ್ಯತ್ಯಾಸದ ಸೀಸಿಯಂ ಫ್ಲೋರೈಡ್ ನಿಲ್ಲುತ್ತದೆ.

ಆ ತ್ರಿಕೋನವನ್ನು ಗ್ರಾಫ್ ಹಾಳೆಯಲ್ಲಿ ಬರೆಸಿ, ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಕ್ಲೋರೈಡ್‌ಗಳನ್ನು ಗುರುತಿಸಲು ಹೇಳು. ಅಲ್ಯೂಮಿನಿಯಂ ಕ್ಲೋರೈಡ್ ಯಾವ ಗುಂಪಿಗೆ ಸೇರಿತೆಂದು ಮಕ್ಕಳು ವಾದಿಸಿದರೆ ತಡೆಯಬೇಡ. ವಿದ್ಯುದೃಣತ್ವದ ಬೆಲೆಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸದೆ ಅವರ ಕೈಗೇ ಕೊಡು.

ಇಂತಿ,
ನಿನ್ನ ದೊಡ್ಡಪ್ಪ