ಇಂಗ್ಲೆಂಡಿನಲ್ಲಿ ಮನೆ ಹಿಡಿಯೋ ಮೊದಲು ಓನರನ್ನ ನೋಡು

ಪ್ರೀತಿಯ ತಮ್ಮನಿಗೆ,

ನಾನಿಲ್ಲಿ ಕ್ಷೇಮ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನೀನು ಕಳಿಸಿದ ಮನೆಯ ಜಾಹೀರಾತು ನೋಡಿದೆ. ಸೆಪ್ಟೆಂಬರಿಗೆ ಐದು ಜನ ಸೇರಿ ಹಿಡಿಯೋ ಮನೆ, ಆರು ತಿಂಗಳ ಬಾಡಿಗೆ ಮುಂಗಡ, ಈ ಶುಕ್ರವಾರದೊಳಗೆ ಹಣ ಹಾಕದಿದ್ದರೆ ಬೇರೆಯವರಿಗೆ ಕೊಡ್ತಾರಂತೆ. ಅಪ್ಪ ಬ್ಯಾಂಕಿಗೆ ಹೊರಡೋ ಮೊದಲು ಈ ಕಾಗದ ಓದಿ ಹೇಳು. ಇಲ್ಲಿ ಬರೆದಿರೋ ನಿಯಮಗಳೆಲ್ಲ ಇಂಗ್ಲೆಂಡಿನವು. ಸ್ಕಾಟ್ಲೆಂಡಿಗೋ ವೇಲ್ಸಿಗೋ ಹೋಗೋ ಸ್ನೇಹಿತರಿಗೆ ಇದನ್ನೇ ದಾಟಿಸಬೇಡ, ಅಲ್ಲಿಯ ಕಾನೂನು ಬೇರೆ.

ಮೊದಲು ಆ ಆರು ತಿಂಗಳ ವಿಷಯ. ಬ್ರಿಟನ್ನಿನಲ್ಲಿ ಜಾಮೀನು ನಿಲ್ಲೋಕೆ ಯಾರೂ ಇಲ್ಲದ ವಿದ್ಯಾರ್ಥಿಗಳ ಹತ್ತಿರ ಹೀಗೆ ಒಟ್ಟಿಗೆ ಬಾಡಿಗೆ ಕೇಳೋದು ಹಳೆಯ ರೂಢಿ. 2025ರ ರೆಂಟರ್ಸ್ ರೈಟ್ಸ್ ಕಾಯ್ದೆ ಅದಕ್ಕೆ ತಡೆ ಹಾಕಿದೆ. 2026ರ ಮೇ 1ರಿಂದ ಖಾಸಗಿ ಮನೆಗಳಲ್ಲಿ ಅಗ್ರಿಮೆಂಟಿಗೆ ಸಹಿ ಬೀಳೋ ಮೊದಲು ಬಾಡಿಗೆ ಅಂತ ಒಂದು ಪೌಂಡನ್ನೂ ಕೇಳುವಂತಿಲ್ಲ. ಸಹಿ ಆದ ಮೇಲೂ, ಮನೆಗೆ ಬರೋ ಮುಂಚೆ, ಒಂದು ತಿಂಗಳದ್ದಷ್ಟೇ ಕೇಳಬಹುದು. ಜಾಹೀರಾತಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಕೊಡ್ತೀವಿ ಅಂತ ನೀವೇ ಮುಂದಾದರೂ ಓನರ್ ಒಪ್ಪುವಂತಿಲ್ಲ. ಇಷ್ಟಿದ್ದೂ ಆರು ತಿಂಗಳು ಕೇಳ್ತಿದ್ದಾನೆ ಅಂದರೆ ಒಂದೋ ಅವನಿಗೆ ಕಾನೂನು ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ. ಎರಡೂ ಒಳ್ಳೆಯ ಸೂಚನೆ ಅಲ್ಲ.

ಹಾಗಾದರೆ ಏನು ಕೇಳಬಹುದು? ಮನೆ ಹಿಡಿದಿಡೋಕೆ ಹೋಲ್ಡಿಂಗ್ ಡೆಪಾಸಿಟ್ ಅಂತ ಒಂದು ವಾರದ ಬಾಡಿಗೆ. ಆಮೇಲೆ ಡೆಪಾಸಿಟ್, ಅಂದರೆ ನಮ್ಮ ಕಡೆಯ ಅಡ್ವಾನ್ಸು, ಹೆಚ್ಚೆಂದರೆ ಐದು ವಾರದ ಬಾಡಿಗೆ. ಇಡೀ ಮನೆಯ ವರ್ಷದ ಬಾಡಿಗೆ 50,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆರು ವಾರ. ಇದು 2019ರ ಟೆನೆಂಟ್ ಫೀಸ್ ಕಾಯ್ದೆ. ಲೆಕ್ಕ ಹಾಕೋ ರೀತಿ ಸರಿಯಾಗಿ ನೋಡು: ತಿಂಗಳ ಬಾಡಿಗೆಯನ್ನ 12ರಿಂದ ಗುಣಿಸಿ 52ರಿಂದ ಭಾಗಿಸಬೇಕು. ತಲಾ 780 ಪೌಂಡ್ ಅಂದರೆ ವಾರಕ್ಕೆ 180, ಐದು ವಾರಕ್ಕೆ 900. ತಿಂಗಳಿಗೆ ನಾಲ್ಕೇ ವಾರ ಅಂತ ಹಿಡಿದು 975 ಕೇಳೋರಿದ್ದಾರೆ. ತಲೆಗೆ 75 ಹೆಚ್ಚಾಯಿತು, ಐದು ಜನಕ್ಕೆ 375. ಲೆಕ್ಕ ಬರೆದು ತೋರಿಸಿದಾಗ "ಕ್ಷಮಿಸಿ, ತಪ್ಪಾಯಿತು" ಅಂತ ತಿದ್ದಿಕೊಂಡರೆ ಪರವಾಗಿಲ್ಲ. "ಇಲ್ಲಿ ಎಲ್ಲರೂ ಹೀಗೇ ಮಾಡೋದು" ಅಂದರೆ ಆ ಮನೆ ಬಿಟ್ಟುಬಿಡು. ಅರ್ಜಿ ಶುಲ್ಕ, ರೆಫರೆನ್ಸ್ ಶುಲ್ಕ, ಬಿಡುವಾಗ ಕ್ಲೀನಿಂಗ್ ಶುಲ್ಕ ಅಂತ ಮೊದಲೇ ಕಟ್ಟಿಸಿಕೊಳ್ಳೋದೂ ನಿಷಿದ್ಧ. ಹೋಲ್ಡಿಂಗ್ ಡೆಪಾಸಿಟ್ ಕೊಟ್ಟ ಮೇಲೆ, ಬೇರೆ ದಿನಾಂಕ ಬರೆದು ಒಪ್ಪಿಕೊಳ್ಳದಿದ್ದರೆ, 15 ದಿನದೊಳಗೆ ಅಗ್ರಿಮೆಂಟ್ ಆಗಬೇಕು. ಅವನೇ ಹಿಂದೆ ಸರಿದರೆ ಹಣ ವಾಪಸ್ ಕೊಡಬೇಕು. ನೀನೇ ಬೇಡ ಅಂದರೆ, ಅಥವಾ ಸುಳ್ಳು ಮಾಹಿತಿ ಕೊಟ್ಟಿದ್ದರೆ, ಅವನು ಇಟ್ಟುಕೊಳ್ಳಬಹುದು. ಹಾಗಾಗಿ ಒಂದೇ ಹೊತ್ತಿಗೆ ಎರಡು ಮೂರು ಮನೆಗೆ ಹಣ ಕಟ್ಟಿ ಕೂರಬೇಡಿ.

ಡೆಪಾಸಿಟ್ ಓನರನ ಜೇಬಿನಲ್ಲಿ ಉಳಿಯುವಂತಿಲ್ಲ. ಕೊಟ್ಟ 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಯೋಜನೆಗಳಲ್ಲಿ ಒಂದರಲ್ಲಿ ನೋಂದಾಯಿಸಿ, ಅದರ ವಿವರ ನಿನಗೆ ಬರಹದಲ್ಲಿ ಕೊಡಬೇಕು: ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್. ಮಾಡದಿದ್ದರೆ ಕೋರ್ಟು ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ಕೊಡಿಸಬಹುದು. "ಯಾವುದರಲ್ಲಿ ಇಡ್ತೀರಿ?" ಅಂತ ಮೊದಲೇ ಕೇಳು. ಪ್ರಾಮಾಣಿಕನಿಗೆ ಇದು ಒಂದು ಪದದ ಉತ್ತರ. "ನಾನು ಯಾವತ್ತೂ ಯಾರ ಹಣವನ್ನೂ ಹಿಡಿದುಕೊಂಡಿಲ್ಲ" ಅನ್ನೋ ಭಾಷಣ ಶುರುವಾದರೆ ಉತ್ತರ ಸಿಕ್ಕ ಹಾಗೇ. ಒಂದು ಎಚ್ಚರಿಕೆ: ಓನರ್ ಅದೇ ಮನೆಯಲ್ಲಿದ್ದು ನಿನಗೊಂದು ಕೋಣೆ ಕೊಟ್ಟರೆ ಈ ರಕ್ಷಣೆ ಅನ್ವಯಿಸಲ್ಲ.

ಇನ್ನು ಆ ಮನುಷ್ಯ ನಿಜವಾಗಿ ಓನರೇನಾ? ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿ ಅಂತ ಇದೆ, ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ ತೆಗೆಸ್ತೀವಲ್ಲ, ಹೆಚ್ಚುಕಡಿಮೆ ಆ ಕೆಲಸ ಮಾಡುತ್ತೆ. ಸರ್ಕಾರಿ ಜಾಲತಾಣದಲ್ಲಿ ವಿಳಾಸ ಹಾಕಿ 7 ಪೌಂಡ್ ಕಟ್ಟಿದರೆ ಟೈಟಲ್ ರಿಜಿಸ್ಟರಿನ ಪ್ರತಿ ಸಿಗುತ್ತೆ. ಯಾರು ಬೇಕಾದರೂ ತೆಗೆಯಬಹುದು, ಓನರನ ಒಪ್ಪಿಗೆ ಬೇಕಿಲ್ಲ. ಅದೇ ತರ ಕಾಣೋ ಖಾಸಗಿ ತಾಣಗಳು ಹೆಚ್ಚು ಹಣ ಕೇಳ್ತವೆ, ಅಲ್ಲಿಗೆ ಹೋಗಬೇಡ. ಪ್ರತಿಯಲ್ಲಿ ಮಾಲೀಕರ ಹೆಸರು, ಮನೆ ಮೇಲೆ ಬ್ಯಾಂಕಿನ ಸಾಲ ಇದೆಯೋ ಇಲ್ಲವೋ, ಎರಡೂ ಇರುತ್ತವೆ. ಅಲ್ಲಿಯ ಹೆಸರು, ಅಗ್ರಿಮೆಂಟಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಕಾರಣ ಕೇಳು. ಏಜೆನ್ಸಿ ಆಗಿರಬಹುದು, ಕಂಪನಿ ಹೆಸರಲ್ಲಿ ಇಟ್ಟಿರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಮನೆಯನ್ನ ತಾನೇ ಬಾಡಿಗೆಗೆ ಹಿಡಿದು, ಕೋಣೆ ಕೋಣೆ ಮಾಡಿ ಮರುಬಾಡಿಗೆಗೆ ಕೊಡೋರೂ ಇದ್ದಾರೆ. ಅಂಥವನ ಹತ್ತಿರ ನಿಜವಾದ ಮಾಲೀಕರು ಬರೆದುಕೊಟ್ಟ ಅನುಮತಿ ಕೇಳು. ಏಜೆಂಟ್ ಆಗಿದ್ದರೆ ಗ್ರಾಹಕರ ಹಣಕ್ಕೆ ರಕ್ಷಣೆ ಇರೋ ಯೋಜನೆಯಲ್ಲೂ ದೂರು ಪರಿಹಾರ ಸಂಸ್ಥೆಯಲ್ಲೂ ಸದಸ್ಯತ್ವ ಕಡ್ಡಾಯ, ಎರಡರ ಹೆಸರೂ ಅವರ ಜಾಲತಾಣದಲ್ಲಿ ಇರಬೇಕು. ಲಂಡನ್ನಿನಲ್ಲಿ ಮನೆ ನೋಡೋದಾದರೆ ಅಲ್ಲಿಯ ಮೇಯರ್ ಕಚೇರಿ, ದಂಡ ಬಿದ್ದ ಓನರ್, ಏಜೆಂಟರ ಹೆಸರು ಹುಡುಕೋ ಪಟ್ಟಿಯನ್ನೇ ಇಟ್ಟಿದೆ.

ಅಪ್ಪನಿಗೆ ಈ ಭಾಗವನ್ನ ಎರಡು ಸಲ ಓದು. ಬ್ರಿಟನ್ನಿನ ಒಳಗೆ ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಹಾಕುವಾಗ, ನಾವು ಬರೆದ ಹೆಸರಿಗೂ ಖಾತೆಯ ಹೆಸರಿಗೂ ತಾಳೆ ಇದೆಯಾ ಅಂತ ಬ್ಯಾಂಕೇ ತೋರಿಸುತ್ತೆ. ಮೋಸ ಹೋದರೆ, 2024ರ ಅಕ್ಟೋಬರ್ 7ರಿಂದ ಬ್ಯಾಂಕುಗಳು 85,000 ಪೌಂಡ್‌ವರೆಗೆ ಹಣ ತುಂಬಿಕೊಡಬೇಕು ಅನ್ನೋ ನಿಯಮವೂ ಇದೆ. ಭಾರತದಿಂದ ನೇರವಾಗಿ ಕಳಿಸಿದ ಹಣ ಆ ನಿಯಮದೊಳಗೆ ಬರಲ್ಲ. ಅದಕ್ಕೇ ಮೋಸಗಾರರಿಗೆ ಇನ್ನೂ ವಿಮಾನ ಹತ್ತದ ವಿದ್ಯಾರ್ಥಿ ಅಂದರೆ ಪ್ರೀತಿ. ಅವರ ವರಸೆಯೂ ಹೆಚ್ಚಾಗಿ ಒಂದೇ: "ನಾನು ಕೆಲಸದ ಮೇಲೆ ಹೊರದೇಶದಲ್ಲಿದ್ದೀನಿ, ಹಣ ಹಾಕಿ, ಕೀ ಕೊರಿಯರ್ ಮಾಡ್ತೀನಿ." ಜಾಹೀರಾತಿನ ಫೋಟೊಗಳನ್ನ ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಹಾಕಿ ನೋಡು. ಅದೇ ಅಡುಗೆಮನೆ ಬೇರೆ ಊರಿನ ಮಾರಾಟದ ಜಾಹೀರಾತಿನಲ್ಲಿ ಸಿಕ್ಕರೆ ಅಲ್ಲಿಗೆ ಮುಗಿಯಿತು. ಮೊದಲೇ ತೆಗೆದಿಟ್ಟ ವಿಡಿಯೊ ಒಪ್ಪಬೇಡ. ವಿಡಿಯೊ ಕಾಲ್ ಮಾಡಿ, ಬೀದಿಯಿಂದ ಶುರು ಮಾಡಿ ಮನೆ ನಂಬರು ತೋರಿಸಿ, ಬಾಗಿಲು ತೆಗೆದು, ಎಲ್ಲೂ ನಿಲ್ಲಿಸದೆ ಒಳಗೆ ನಡೆದು ಬರೋಕೆ ಹೇಳು. ಮೊದಲ ಎರಡು ವಾರಕ್ಕೆ ಕಾಲೇಜಿನ ತಾತ್ಕಾಲಿಕ ಕೋಣೆ ಸಿಗುತ್ತಾ ವಿಚಾರಿಸಿ, ಇಲ್ಲಿಗೆ ಬಂದ ಮೇಲೆ ಮನೆ ನೋಡಿದರೆ ಇನ್ನೂ ಒಳ್ಳೆಯದು.

ಐದು ಜನ ಅಂದೆಯಲ್ಲ, ಅದರಲ್ಲೊಂದು ಸೂಕ್ಷ್ಮ ಇದೆ. ಒಂದೇ ಕುಟುಂಬದವರಲ್ಲದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡಿದ್ದರೆ ಆ ಮನೆಗೆ ಎಚ್‌ಎಂಒ ಲೈಸೆನ್ಸ್ ಕಡ್ಡಾಯ. ಕೆಲವು ಕೌನ್ಸಿಲ್‌ಗಳಲ್ಲಿ, ಅಂದರೆ ಇಲ್ಲಿಯ ಸ್ಥಳೀಯ ಆಡಳಿತಗಳಲ್ಲಿ, ಮೂರು ಜನಕ್ಕೂ ಬೇಕು. ಯಾವ್ಯಾವ ಮನೆಗೆ ಲೈಸೆನ್ಸ್ ಇದೆ ಅನ್ನೋ ಪಟ್ಟಿ ಕೌನ್ಸಿಲ್ ಹತ್ತಿರ ಸಾರ್ವಜನಿಕವಾಗಿ ಸಿಗುತ್ತೆ. ಲೈಸೆನ್ಸ್ ಇಲ್ಲದ ಓನರ್ ಮಾಡೋದು ಇಷ್ಟು: ಅಗ್ರಿಮೆಂಟಿನಲ್ಲಿ ನಾಲ್ಕೇ ಹೆಸರು, ಐದನೆಯವನು "ಗೆಸ್ಟ್". ಇಲ್ಲವೇ "ಯಾರಾದರೂ ಕೇಳಿದರೆ ಅಣ್ಣತಮ್ಮಂದಿರು ಅನ್ನಿ" ಅನ್ನೋ ಸಲಹೆ. ಹೆಸರಿಲ್ಲದ ಆ ಐದನೆಯವನಿಗೆ ನಾಳೆ ಡೆಪಾಸಿಟ್ ಕೇಳೋಕೂ ಆಧಾರ ಇರಲ್ಲ, ಹೊರಹಾಕಿದರೆ ತಡೆಯೋಕೂ ಕಾಗದ ಇರಲ್ಲ. ಲೈಸೆನ್ಸ್ ಮನೆಗಳಲ್ಲಿ ಒಬ್ಬರು ಮಲಗೋ ಕೋಣೆ ಕನಿಷ್ಠ 6.51 ಚದರ ಮೀಟರ್ ಇರಬೇಕು ಅನ್ನೋ ನಿಯಮವಿದೆ, ಅಂದರೆ ಸುಮಾರು 70 ಚದರಡಿ. ಹಾಲನ್ನ ಪ್ಲೈವುಡ್ ಹಾಕಿ ಎರಡು ಮಾಡಿದ್ದಾರಾ ಅಂತ ಗೋಡೆ ತಟ್ಟಿ ನೋಡು.

ಕೇಳಬೇಕಾದ ಕಾಗದ ಮೂರು. ಗ್ಯಾಸ್ ಇದ್ದರೆ ವರ್ಷದೊಳಗಿನ ಗ್ಯಾಸ್ ಸೇಫ್ಟಿ ಸರ್ಟಿಫಿಕೇಟ್. ಅದರಲ್ಲಿರೋ ಎಂಜಿನಿಯರನ ಲೈಸೆನ್ಸ್ ನಂಬರನ್ನ ಗ್ಯಾಸ್ ಸೇಫ್ ರಿಜಿಸ್ಟರಿನ ತಾಣದಲ್ಲಿ ಹಾಕಿ ನೋಡಬಹುದು. ಎರಡನೆಯದು ಐದು ವರ್ಷಕ್ಕೊಮ್ಮೆ ಮಾಡಿಸೋ ವಿದ್ಯುತ್ ವರದಿ. ಅದರಲ್ಲಿ ಸಿ1, ಸಿ2 ಅನ್ನೋ ಗುರುತುಗಳಿದ್ದರೆ ಅಪಾಯ ಅಂತ ಅರ್ಥ, ರಿಪೇರಿ ಮಾಡಿಸಿದ ಕಾಗದವೂ ಜೊತೆಗಿರಬೇಕು. ಸಿ3 ಬರೀ ಸಲಹೆ, ಅದಕ್ಕೆ ಹೆದರಬೇಡ. ಮೂರನೆಯದು ಇಪಿಸಿ, ಮನೆ ಬೆಚ್ಚಗಿಡೋಕೆ ಎಷ್ಟು ಇಂಧನ ಬೇಕು ಅಂತ ಎ ಇಂದ ಜಿ ವರೆಗೆ ದರ್ಜೆ ಕೊಡೋ ಪತ್ರ. ಅದನ್ನ ಓನರನ ಹತ್ತಿರ ಕೇಳಲೇಬೇಕು ಅಂತಿಲ್ಲ, ಸರ್ಕಾರಿ ತಾಣದಲ್ಲಿ ವಿಳಾಸ ಹಾಕಿದರೆ ಉಚಿತವಾಗಿ ಸಿಗುತ್ತೆ. ಇ ಗಿಂತ ಕೆಳಗಿದ್ದರೆ, ವಿನಾಯಿತಿ ನೋಂದಾಯಿಸದೆ, ಬಾಡಿಗೆಗೆ ಕೊಡುವಂತಿಲ್ಲ. ಮೂರೂ ಕೇಳಿ ಎರಡು ದಿನ ಕಾದು ನೋಡು. ಕಾಗದ ಇರೋನು ಕಳಿಸ್ತಾನೆ. ಇಲ್ಲದವನು ಸಬೂಬು ಹೇಳ್ತಾನೆ, ಇಲ್ಲವೇ ನಿನ್ನ ಮೇಲೆ ರೇಗ್ತಾನೆ. ಇನ್ನೊಂದು ಕಡೆ, ಅವನೂ ನಿನ್ನ ವೀಸಾ ನೋಡಲೇಬೇಕು. ಅದಕ್ಕೆ ನಿನ್ನ ಆನ್‌ಲೈನ್ ಶೇರ್ ಕೋಡ್ (ನಿನ್ನ ವೀಸಾ ವಿವರ ಬೇರೆಯವರು ನೋಡೋಕೆ ಸರ್ಕಾರಿ ತಾಣದಲ್ಲಿ ನೀನು ಪಡೆಯೋ ಸಂಕೇತ), ಹುಟ್ಟಿದ ದಿನಾಂಕ ಸಾಕು. ಪಾಸ್‌ಪೋರ್ಟ್ ತನ್ನ ಹತ್ತಿರ ಇಟ್ಟುಕೊಳ್ತೀನಿ ಅನ್ನೋನೂ ಬೇಡ, "ಕಾಗದ ಗೀಗದ ಏನೂ ಬೇಡ, ನಗದು ಕೊಡಿ" ಅನ್ನೋನೂ ಬೇಡ.

ಮನೆ ನೋಡುವಾಗ ಹೊಸ ಬಣ್ಣದ ಕಡೆ ಗಮನ ಇರಲಿ. ಇಡೀ ಕೋಣೆಗೆ ಹೊಡೆಸಿದ್ದರೆ ಸಂತೋಷ. ಕಿಟಕಿಯ ಮೇಲಿನ ಮೂಲೆ, ಹೊರಗೋಡೆಯ ಕೆಳಭಾಗ, ಇಷ್ಟಕ್ಕೇ ತೇಪೆ ಹಾಕಿದಂತೆ ಹೊಡೆಸಿದ್ದರೆ ಅದರಡಿ ಬೂಷ್ಟು ಇರಬಹುದು. ಇಲ್ಲಿ ಚಳಿಗಾಲದಲ್ಲಿ ತಣ್ಣಗಿರೋ ಹೊರಗೋಡೆಗೆ ಒಳಗಿನ ಬಿಸಿ ಗಾಳಿಯ ತೇವ ನೀರಾಗಿ ಕೂರುತ್ತೆ. ಗಾಳಿ ಆಡದ ಕಡೆ ಅದು ಕಪ್ಪು ಬೂಷ್ಟಾಗುತ್ತೆ. ಆದ್ದರಿಂದ ಗೋಡೆಗೆ ಅಂಟಿಸಿದ ಬೀರು ಸ್ವಲ್ಪ ಸರಿಸಿ, ಮೊಬೈಲ್ ಟಾರ್ಚ್ ಬಿಟ್ಟು ಹಿಂದೆ ನೋಡು. ಕಿಟಕಿ ಗಾಜಿನ ಸುತ್ತಲಿನ ರಬ್ಬರು, ಬಚ್ಚಲಿನ ಸಿಲಿಕಾನ್ ಅಂಚು ಕಪ್ಪಗಿದೆಯಾ ನೋಡು. ಬಚ್ಚಲಿನಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ ಒಂದು ಕಾಗದದ ಚೂರು ಹಿಡಿ, ಎಳೆದುಕೊಳ್ಳದಿದ್ದರೆ ಫ್ಯಾನ್ ಬರೀ ಸದ್ದಿಗಷ್ಟೇ. ಬಿಸಿನೀರಿನ ನಲ್ಲಿ ಎರಡು ನಿಮಿಷ ಬಿಡು. ಬಾಯ್ಲರಿನ ಒತ್ತಡದ ಮುಳ್ಳು, ತಣ್ಣಗಿದ್ದಾಗ, ಹೆಚ್ಚಾಗಿ 1ರಿಂದ 1.5 ಬಾರ್ ನಡುವೆ ಇರುತ್ತೆ. ಸೊನ್ನೆಗೆ ಇಳಿದಿದ್ದರೆ ಎಲ್ಲೋ ಸೋರಿಕೆ ಇರಬಹುದು. ಪ್ರತಿ ಮಹಡಿಗೂ ಹೊಗೆ ಅಲಾರಂ ಇರಬೇಕು, ಬಾಯ್ಲರ್ ಇರೋ ಕೋಣೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಗುಂಡಿ ಒತ್ತಿ ಕೂಗಿಸಿ ನೋಡು, ಓನರ್ ಎದುರಿಗೇ. ಸಂಕೋಚ ಬೇಡ ಕಣೋ.

ಅವನು ಫೋನಿನಲ್ಲಿ ಮಾತಾಡೋಕೆ ಅತ್ತ ಹೋದಾಗ ಈಗ ಅಲ್ಲಿರೋ ಹುಡುಗರ ಹತ್ತಿರ ಎರಡೇ ಪ್ರಶ್ನೆ ಕೇಳು. ಬಾಯ್ಲರ್ ಕೆಟ್ಟಾಗ ಎಷ್ಟು ದಿನಕ್ಕೆ ರಿಪೇರಿ ಆಯಿತು? ಓನರ್ ಹೇಳದೆ ಕೇಳದೆ ಕೀ ತೆಗೆದು ಒಳಗೆ ಬರ್ತಾನಾ? ಪರಿಶೀಲನೆಗೆ ಬರೋದಾದರೆ ಕನಿಷ್ಠ 24 ಗಂಟೆ ಮುಂಚೆ ಬರಹದಲ್ಲಿ ತಿಳಿಸಬೇಕು ಅನ್ನೋದು ಕಾನೂನು. ಹುಡುಗರು ಓನರನ ಮುಖ ನೋಡಿಕೊಂಡು ಉತ್ತರ ಕೊಡ್ತಿದ್ದರೆ ಅದೇ ಒಂದು ಉತ್ತರ. ಪ್ರತಿಯೊಂದು ದೋಷಕ್ಕೂ "ನೀವು ಬರೋದರೊಳಗೆ ಮಾಡಿಸ್ತೀನಿ" ಅಂದರೆ, ಒಳ್ಳೆಯದು ಅಂದು ಆ ಪಟ್ಟಿಯನ್ನ ಅವತ್ತೇ ಇಮೇಲ್ ಮಾಡಿ, ಅಗ್ರಿಮೆಂಟಿಗೆ ಸೇರಿಸೋಕೆ ಹೇಳು.

ಅಗ್ರಿಮೆಂಟ್ ಬಂದಾಗ "12 ತಿಂಗಳು ನಿಗದಿ, ಮಧ್ಯದಲ್ಲಿ ಬಿಡುವಂತಿಲ್ಲ" ಅಂತಲೋ ಸೆಕ್ಷನ್ 21 (ಕಾರಣ ಹೇಳದೆ ಮನೆ ಬಿಡಿಸೋ ಹಳೆಯ ನಿಯಮ) ಅಂತಲೋ ಬರೆದಿದ್ದರೆ ಅದು ಹಳೆಯ ನಮೂನೆ. ಹೊಸ ಕಾಯ್ದೆಯಲ್ಲಿ ಖಾಸಗಿ ಬಾಡಿಗೆಗೆ ನಿಗದಿತ ಅವಧಿ ಇಲ್ಲ, ಬಾಡಿಗೆದಾರ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಐದು ಜನರದ್ದೂ ಒಂದೇ ಅಗ್ರಿಮೆಂಟ್ ಆದರೆ ಒಬ್ಬ ಬಾಡಿಗೆ ಕಟ್ಟದಿದ್ದಾಗ ಉಳಿದ ನಾಲ್ವರ ಮೇಲೆ ಬೀಳುತ್ತೆ, ಒಬ್ಬ ನೋಟಿಸ್ ಕೊಟ್ಟರೆ ಎಲ್ಲರ ಬಾಡಿಗೆಯೂ ಮುಗಿಯುತ್ತೆ. ಸ್ನೇಹಿತರನ್ನೂ ಸ್ವಲ್ಪ ನೋಡಿ ಆರಿಸಿಕೊ. ಓನರನ ಹೆಸರು, ಇಂಗ್ಲೆಂಡಿನದೋ ವೇಲ್ಸಿನದೋ ಒಂದು ವಿಳಾಸ ಅಗ್ರಿಮೆಂಟಿನಲ್ಲಿ ಇರಲೇಬೇಕು, ಬರೀ ವಾಟ್ಸಾಪ್ ನಂಬರು ಸಾಲದು.

ಆ ಮನೆಯ ಪೂರ್ತಿ ವಿಳಾಸ, ಪೋಸ್ಟ್‌ಕೋಡ್ ಸಮೇತ, ಇವತ್ತೇ ಕಳಿಸು. ರಿಜಿಸ್ಟರಿನ ಪ್ರತಿ ನಾನೇ ತೆಗೆಸಿ, ಕೌನ್ಸಿಲ್ ಪಟ್ಟಿಯಲ್ಲಿ ಲೈಸೆನ್ಸ್ ಇದೆಯಾ ನೋಡಿ ಹೇಳ್ತೀನಿ. ಓನರಿಗೆ ನೀನು ಬರೆಯಬೇಕಾದ್ದು ಸದ್ಯಕ್ಕೆ ಮೂರೇ ಸಾಲು: ಲೈಸೆನ್ಸ್ ನಂಬರು ಕೊಡಿ, ಡೆಪಾಸಿಟ್ ಯಾವ ಯೋಜನೆಯಲ್ಲಿ ಇಡ್ತೀರಿ, ಆರು ತಿಂಗಳ ಮುಂಗಡ ಯಾವ ನಿಯಮದ ಪ್ರಕಾರ. ಅಮ್ಮನಿಗೆ ಭಾನುವಾರ ಫೋನ್ ಮಾಡ್ತೀನಿ ಅಂತ ಹೇಳು.

ಇಂತಿ,
ನಿನ್ನ ಅಕ್ಕ